ಟೆಂಡರ್ ಪೆಟ್ಟಿಗೆಯ ಎರಡು ಹಾಳೆ

ಅತಿಥಿ ಸಾಹಿತಿ ಉಜ್ವಲ್ ಕಪ್ಪು ಕನ್ನಡಕ ತೆಗೆಯದೆಯೇ ದೀಪ ಬೆಳಗಲು ಬಗ್ಗಿದರು. ಬತ್ತಿ ಕಾಣಲಿಲ್ಲ. ಉರಿಯುವ ಕಡ್ಡಿಯನ್ನು ನೇರವಾಗಿ ಎಣ್ಣೆಗೇ ಅದ್ದಿದರು. ಅದು ಚುಯ್ ಎಂದು ಆರಿತು. ಸಭೆ ಚಪ್ಪಾಳೆ ತಟ್ಟಿತು.

“ಆರಿದ್ದಕ್ಕೂ ಚಪ್ಪಾಳೆ,” ಎಂದಳು ಕೊನೆಯ ಸಾಲಿನ ಶಾಂತಕುಮಾರಿ, ತುಟಿ ಅಲ್ಲಾಡದಂತೆ.

ಪಕ್ಕದಲ್ಲಿದ್ದ ಸೂರ್ಯಪ್ರಕಾಶ್ ನಗು ತಡೆಯಲಾರದೆ ಶೂ ಲೇಸ್ ಕಟ್ಟುವವನ ಹಾಗೆ ಬಗ್ಗಿದ. ಅವನ ಕಾಲಲ್ಲಿದ್ದದ್ದು ಚಪ್ಪಲಿ.

ಎರಡು ವರ್ಷದಿಂದ ಅವರಿಬ್ಬರ ಸ್ನೇಹ ನಡೆದುಬಂದದ್ದು ಹೀಗೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ತಿಪಟೂರಿನ ಬರಹಗಾರರ ಬಳಗ ಬಸವರಾಜಪ್ಪನವರ ಕೊಬ್ಬರಿ ಮಂಡಿಯ ಮಹಡಿಯಲ್ಲಿ ಸೇರುತ್ತಿತ್ತು. ಬಸವರಾಜಪ್ಪನವರೇ ಅಧ್ಯಕ್ಷರು. ಕೊಬ್ಬರಿ ವ್ಯಾಪಾರದ ಬಿಡುವಿನಲ್ಲಿ ಸಾವಿರದ ನೂರು ವಚನ ಬರೆದಿದ್ದರು, ಇನ್ನೂ ನಿಲ್ಲಿಸುವ ಲಕ್ಷಣವಿರಲಿಲ್ಲ. ಅಲ್ಲಿ ಒಬ್ಬರ ಹೆಗಲಿನ ಶಾಲು ಮುಂದಿನ ತಿಂಗಳು ಇನ್ನೊಬ್ಬರ ಹೆಗಲಿಗೆ ಬರುತ್ತಿತ್ತು. ಅದೇ ಶಾಲು. ಅಂಚಿನಲ್ಲಿದ್ದ ಕಾಫಿ ಕಲೆಯಿಂದ ಶಾಂತಕುಮಾರಿ ಅದನ್ನು ಗುರುತಿಟ್ಟುಕೊಂಡಿದ್ದಳು.

ಆಕೆಗೆ ನಲವತ್ತೈದು. ತುರುವೇಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮೊದಲು ಮೃದು ಮಾತಿನವಳು, ಆಮೇಲೆ ನಾಲಗೆ ಹರಿತವಾಯಿತು. ಅಳುವುದಕ್ಕಿಂತ ತಿರಸ್ಕಾರ ಸುಲಭ ಎಂದು ಆಕೆ ಕಂಡುಕೊಂಡಿದ್ದಳು. ಸೂರ್ಯಪ್ರಕಾಶ್ ನಲವತ್ತೆಂಟರ ಅವಿವಾಹಿತ. ಹುಳಿಯಾರಿನಾಚೆ ಬೋರನಕಣಿವೆ ಜಲಾಶಯದಲ್ಲಿ ವರ್ಕ್ ಇನ್ಸ್‌ಪೆಕ್ಟರ್. ಒಂದು ಸಾಲು ಬರೆದವನಲ್ಲ. ಆದರೂ ತಿಂಗಳು ತಪ್ಪದೆ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ತನ್ನ ಹಾಗೆಯೇ ಇವರನ್ನೆಲ್ಲ ನೋಡಿ ನಗಲು ಬರುತ್ತಾನೆ ಎಂದೇ ಆಕೆ ನಂಬಿದ್ದಳು.

ಅಂದು ಟೆಂಡರ್ ಓದು ಇತ್ತು. ಅದು ಬಸವರಾಜಪ್ಪನವರ ಕಲ್ಪನೆ. ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಚೀಟಿ ಹಾಕುವ ಹಾಗೆ, ಬರೆದವರು ಹೆಸರಿಲ್ಲದೆ ಹಾಳೆಗಳನ್ನು ಪೆಟ್ಟಿಗೆಗೆ ಹಾಕಬೇಕು. ಬೇರೆಯವರು ಓದಬೇಕು. ಉಳಿದವರು ದರ ಕಟ್ಟಬೇಕು, ಅಂದರೆ ವಿಮರ್ಶೆ. ಕೊನೆಗೆ ಬರೆದವರು ಎದ್ದು ನನ್ನದು ಎನ್ನಬಹುದು. ಎನ್ನದಿದ್ದರೂ ಒತ್ತಾಯವಿಲ್ಲ.

ಮೊದಲ ಮೂರು ಬರಹಗಳಿಗೂ ಅತಿಥಿಗಳು “ತುಂಬಾ ರಾ ಆಗಿದೆ, ಹಸಿ ಹಸಿ” ಎಂದರು. ಯಾವುದನ್ನು ಓದುವಾಗಲೂ ಅವರು ಫೋನಿನಿಂದ ತಲೆ ಎತ್ತಿರಲಿಲ್ಲ. ನಾಲ್ಕನೆಯದನ್ನು ನೀವೇ ಓದಬೇಕೆಂದು ಬಸವರಾಜಪ್ಪ ಕೈಮುಗಿದರು. ಉಜ್ವಲ್ ಎರಡು ಹಾಳೆ ಹಿಡಿದು ರೇಡಿಯೊ ದನಿಯಲ್ಲಿ ಓದಿದರು.

“ಮೋಡವಿಲ್ಲದ ದಿನವೂ ಅವಳು ಕೊಡೆ ತರುತ್ತಾಳೆ. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚುತ್ತಾಳೆ, ಯಾರೋ ಮಲಗಿರುವ ಮನೆಯಲ್ಲಿ ನಕ್ಕ ಹಾಗೆ. ಅವಳ ಮಾತು ಕರಟ, ಮನಸ್ಸು ಎಳನೀರು. ಅವಳು ಬಸ್ಸು ಹತ್ತಿ ಹೋದ ಮೇಲೆ ಈ ಊರು ನನಗೆ ಯಾರದೋ ಊರು...”

ಹೀಗೆಯೇ ಎರಡು ಹಾಳೆ. ಓದು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂಗನವಾಡಿ ಕೆಲಸದ ಜೊತೆ ಕಥೆ ಬರೆಯುತ್ತಿದ್ದ ಅಂಕಮ್ಮ ಸೆರಗಿನ ನೂಲು ಕೀಳುತ್ತ ಕೂತಿದ್ದಳು.

“ಮೇಡಂ, ತಾವು ಒಂದು ಮಾತು,” ಎಂದರು ಬಸವರಾಜಪ್ಪ. ದನಿಯಲ್ಲಿ ಏನೋ ಅಂಜಿಕೆಯಿತ್ತು.

ಶಾಂತಕುಮಾರಿ ಎದ್ದಳು.

“ತಿಪಟೂರಿನವರಿಗೆ ದೇವರು ತೆಂಗು ಕೊಟ್ಟ, ಹೋಲಿಕೆ ಕೊಡಲಿಲ್ಲ. ಮಾತು ಕರಟವಂತೆ, ಮನಸ್ಸು ಎಳನೀರಂತೆ. ಕರಟ ಕಟ್ಟೋ ಹೊತ್ತಿಗೆ ಎಳನೀರು ಎಲ್ಲಿ ಉಳಿದಿರುತ್ತೆ ಸ್ವಾಮಿ? ಇವರು ತೋಟಕ್ಕೂ ಹೋದವರಲ್ಲ.”

ನಗು ಎದ್ದಿತು. ಅದು ಆಕೆಗೆ ಇಂಬಾಯಿತು.

“ಮೋಡವಿಲ್ಲದ ದಿನ ಕೊಡೆ ತರೋ ಹೆಂಗಸಂತೆ! ಅಂಥವಳಿಗೆ ಬೇಕಾದ್ದು ಪ್ರೇಮಿಯಲ್ಲ, ಡಾಕ್ಟರು. ಈ ಲೇಖಕ ಹೆಂಗಸನ್ನು ನೋಡಿ ಬರೆದಿಲ್ಲ. ಇಂಥವಳು ಈ ತಾಲೂಕಿನಲ್ಲಂತೂ ಇಲ್ಲ. ಇದ್ದರೆ ನನಗೆ ತೋರಿಸಿ.”

ಈ ಸಲ ಯಾರೂ ಗಟ್ಟಿಯಾಗಿ ನಗಲಿಲ್ಲ. ಕೆಲವರು ನೆಲ ನೋಡಿದರು, ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಕೆ ಕೂತು, ಎಂದಿನ ಮೆಚ್ಚುಗೆಗಾಗಿ ಪಕ್ಕಕ್ಕೆ ತಿರುಗಿದಳು. ಸೂರ್ಯಪ್ರಕಾಶ್ ಮೊಣಕಾಲಿನವರೆಗೆ ಬಗ್ಗಿದ್ದ. ಪಾಪ, ನಗು ತಡೆಯಲಾರದೆ ಒದ್ದಾಡುತ್ತಿದ್ದಾನೆ ಎಂದುಕೊಂಡಳು.

“ಬರೆದವರು?” ಎಂದರು ಬಸವರಾಜಪ್ಪ.

ಯಾರೂ ಏಳಲಿಲ್ಲ.

ಸಭೆ ಮುಗಿದಾಗ ಸೂರ್ಯಪ್ರಕಾಶ್ ಹೇಳದೆ ಕೇಳದೆ ಇಳಿದುಹೋಗಿದ್ದ. ಅತಿಥಿಗಳು ಕೆಳಗೆ ಕೊಬ್ಬರಿ ಚೀಲದ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಶಾಂತಕುಮಾರಿ ಮೆಟ್ಟಿಲ ತಿರುವಿಗೆ ಬಂದಾಗ ಹಿಂದಿನಿಂದ ಅಂಕಮ್ಮ ಓಡಿಬಂದಳು.

“ಮೇಡಂ, ನಿಮ್ ಕೊಡೆ. ಕುರ್ಚಿ ಹತ್ರನೇ ಬುಟ್ಟು ಹೊಂಟ್ರಲ್ಲ.”

ಶಾಂತಕುಮಾರಿ ಕೊಡೆ ಇಸಕೊಂಡಳು. ಮಾರ್ಗಶಿರದ ಆಕಾಶ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿತ್ತು. ಅದು ಗಂಡನ ಕೊಡೆ. ಆಸ್ಪತ್ರೆಯಿಂದ ಅವನ ಬಟ್ಟೆಯ ಜೊತೆ ಮನೆಗೆ ಬಂದದ್ದು. ಆರು ವರ್ಷದಿಂದ ಅದನ್ನು ಬಿಟ್ಟು ಆಕೆ ಹೊಸಿಲು ದಾಟಿರಲಿಲ್ಲ. ಆಕೆ ಕೊಡೆಯನ್ನು ನೋಡಿದಳು, ಅಂಕಮ್ಮನನ್ನು ನೋಡಿದಳು. ಅಂಕಮ್ಮ ಕಣ್ಣು ತಗ್ಗಿಸಿದಳು.

“ಎಲ್ಲರಿಗೂ ಗೊತ್ತಿತ್ತಾ?”

“ಮೊದಲ್ನೇ ಸಾಲಿಗೇ ಗೊತ್ತಾಯ್ತು ಕಣ್ರೀ. ನಿಮಗೂ ಗೊತ್ತಾಗಿ, ಬೇಕಂತ್ಲೇ ಅಂತಿದೀರಿ ಅನ್ಕಂಡ್ವಿ.”

“ಬರೆದವರು?”

“ಅದ್ನೂ ನಾನೇ ಹೇಳ್ಬೇಕಾ?”

ಬಸವರಾಜಪ್ಪ ನಿಧಾನವಾಗಿ ಇಳಿದುಬಂದು, ಮಡಿಸಿದ ಎರಡು ಹಾಳೆಗಳನ್ನು ಆಕೆಯ ಕೈಗಿಟ್ಟರು. “ಯಾರೂ ನಂದು ಅನ್ನಲಿಲ್ಲ. ನಿಮ್ಮ ಹತ್ತಿರವೇ ಇರಲಿ, ತಾಯಿ.” ಅದಕ್ಕೆ ಎಂದಿನಂತೆ ವಚನ ಸೇರಿಸಲಿಲ್ಲ. ಸಾವಿರದ ನೂರು ಸಲ ತಾನು ನೋಡಿ ನಕ್ಕಿದ್ದ ಮನುಷ್ಯನ ಮುಂದೆ ಶಾಂತಕುಮಾರಿಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಬೆಳಿಗ್ಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಕೂತಳು. ದೃಷ್ಟಿ ನಿಲ್ಲಲಿಲ್ಲ. ಗಂಡ ಹೋದ ದಿನವೂ ಪೂಜೆ ಬಿಟ್ಟವಳಲ್ಲ. ಅಂದು ಶಿವನ ಮೇಲೆ ಮುನಿಸಿತ್ತು. ಇಂದು ಮುನಿಸು ತನ್ನ ಮೇಲೆ. ‘ಬೇರೆಯವರ ಸಾಲುಗಳನ್ನು ತೂಗಿ ತೂಗಿ ಎಸೆದೆ. ನನ್ನ ಮುಖವನ್ನೇ ನನಗೆ ಓದಿ ಹೇಳಿದರೂ ಗುರುತು ಹತ್ತಲಿಲ್ಲವಲ್ಲ, ತಂದೆ.’

ಪೂಜೆ ಮುಗಿಸಿ ಫೋನ್ ನೋಡಿದಳು. ಬಳಗದ ಗ್ರೂಪಿನಲ್ಲಿ ಸೂರ್ಯಪ್ರಕಾಶನ ಸಂದೇಶವಿತ್ತು: ಕೆಲಸದ ಒತ್ತಡ. ಇನ್ನು ಮುಂದೆ ಬರಲಾಗುವುದಿಲ್ಲ. ಎಲ್ಲರಿಗೂ ನಮಸ್ಕಾರ. ಕೆಳಗೆ ಮೂವತ್ತೊಂದು ಜನ ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬರು ಹುಟ್ಟುಹಬ್ಬದ ಶುಭಾಶಯ ಕೋರಿದ್ದರು.

ಆಕೆ ಶಾಲೆಗೆ ರಜೆ ಹೇಳಿ ಬಸ್ಸು ಹತ್ತಿದಳು. ಚಿಕ್ಕನಾಯಕನಹಳ್ಳಿ ದಾಟುವ ಹೊತ್ತಿಗೆ ಎರಡು ಹಾಳೆಗಳನ್ನು ನಾಲ್ಕು ಸಲ ಓದಿದ್ದಳು.

ಬೋರನಕಣಿವೆಯ ಏರಿಯ ಮೇಲೆ ಸೂರ್ಯಪ್ರಕಾಶ್ ತೂಬಿನ ಗೇಟಿಗೆ ಗ್ರೀಸ್ ಹಚ್ಚಿಸುತ್ತಿದ್ದ. ಆಕೆಯನ್ನು ಕಂಡದ್ದೇ, ಗ್ರೀಸ್ ಮೆತ್ತಿದ ಎರಡು ಕೈಗಳನ್ನೂ ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದು ನಿಂತ. ಕೆಲಸದವರನ್ನು ಟೀ ಕುಡಿಯಲು ಕಳಿಸಿದ.

“ಇಷ್ಟು ದೂರ ಬಂದ್ರಲ್ಲ ಮೇಡಂ. ಉಳಿದ ವಿಮರ್ಶೆ ಏನಾದ್ರೂ ಇತ್ತಾ?”

“ಇದೆ. ಎಳನೀರು ಈಗಲೂ ಚೆನ್ನಾಗಿಲ್ಲ.”

“ಗೊತ್ತು.”

“ಬಾಯಲ್ಲಿ ಹೇಳೋದಕ್ಕೇನಾಗಿತ್ತು ನಿಮಗೆ? ಎರಡು ವರ್ಷ ಪಕ್ಕದಲ್ಲೇ ಕೂತಿದ್ರಿ.”

“ಯಾರ ಮಾತನ್ನ ನೀವು ಹರಿದು ಹಾಕ್ದೆ ಬಿಟ್ಟಿದ್ದೀರಿ, ಹೇಳಿ? ಹೆಸರಿಲ್ದೆ ಬಂದ್ರೆ ನನ್ ಮುಖ ನೋಡ್ದೆ ಮಾತು ಕೇಳ್ತೀರಿ ಅನ್ಕಂಡೆ.” ಅವನು ನೀರಿನ ಕಡೆ ತಿರುಗಿದ. “ಇಂಥವಳು ಇದ್ರೆ ತೋರಿಸಿ ಅಂದ್ರಲ್ಲ, ಅದು ಜಾಸ್ತಿ ಆಯ್ತು. ತೋರಿಸಿ ತೋರಿಸಿ ಎರಡು ಹಾಳೆ ತುಂಬಿಸಿದ್ದೆ.”

ಶಾಂತಕುಮಾರಿಯ ಹರಿತವೆಲ್ಲ ಎಲ್ಲಿ ಹೋಯಿತೋ.

“ನಾಟಕ ಮಾಡಲಿಲ್ಲ ಕಣ್ರೀ, ನಿಜವಾಗಿಯೂ ಗುರುತು ಸಿಗಲಿಲ್ಲ. ಆರು ವರ್ಷದಿಂದ ನಾನು ಎಲ್ಲರನ್ನೂ ನೋಡ್ತಾ ಬಂದೆ. ನನ್ನನ್ನೂ ಒಬ್ಬರು ನೋಡಬಹುದು ಅನ್ನೋದೇ ಮರೆತುಹೋಗಿತ್ತು.”

ಅವನು ತಿರುಗಿದ. ಆಕೆ ನೋಟ ತಪ್ಪಿಸಲಿಲ್ಲ. ಅವನ ಹುಬ್ಬಿನಲ್ಲಿ ಒಂದೇ ಒಂದು ಬಿಳಿಕೂದಲಿತ್ತು. ಎರಡು ವರ್ಷ ಅದನ್ನು ತಾನು ಕಾಣಲಿಲ್ಲವಲ್ಲ ಎಂದು ಆಕೆಗೆ ಸಂಕಟವಾಯಿತು.

“ಒಂದು ಮಾತು ಮೊದಲೇ ಹೇಳ್ತೀನಿ,” ಎಂದಳು. “ನಮ್ಮ ಮನೆಯವರನ್ನ ನಾನು ಮರೆಯೋದಿಲ್ಲ.”

“ಮರೀರಿ ಅಂತ ಎಲ್ಲಾದ್ರೂ ಬರ್ದಿದ್ದೀನಾ? ಮಲಗಿರೋರು ಮಲಗಿರ್ಲಿ. ನೀವು ಮಾತ್ರ ನಗ್ತಾ ಇರಿ. ಅಷ್ಟೇ ನಾನು ಕೇಳೋದು.”

ಆಕೆಯ ಕಣ್ಣು ತುಂಬಿತು. ಅದನ್ನು ಅಡಗಿಸಲು ಚೀಲ ತೆರೆದು ಹಾಳೆಗಳನ್ನು ತೆಗೆದಳು. ಶಾಲೆಯ ಕೆಂಪು ಪೆನ್ನು ಎಲ್ಲ ಸಾಲಿನ ಮೇಲೂ ಓಡಾಡಿತ್ತು.

“ಬಸ್ಸಿನಲ್ಲಿ ತಿದ್ದಿದೆ. ಯಾರೋ ಮಲಗಿರುವ ಮನೆ ಅನ್ನೋದೊಂದನ್ನ ಮುಟ್ಟಲಿಲ್ಲ. ಮುಟ್ಟೋಕೆ ಆಗಲಿಲ್ಲ.”

ಅವನು ಗ್ರೀಸಿನ ಕೈ ಹಿಂದಿಟ್ಟುಕೊಂಡು ಕತ್ತು ಬಗ್ಗಿಸಿ ಓದಿದ. ಕೊನೆಯಲ್ಲಿ ತಾನು ಬರೆಯದ ಸಾಲೊಂದು ಕೆಂಪಿನಲ್ಲಿತ್ತು: ಇದು ನನ್ನದು. ಶಾಂತಕುಮಾರಿ.

ಆ ಸಾಲನ್ನು ಅವನು ಎರಡು ಸಲ ಓದಿದ. ಆಮೇಲೆ ಅಂದ, “ಕೆಂಕೆರೆ ಇಲ್ಲೇ ಹತ್ರ. ಅವ್ವ ಇದ್ದಾಳೆ. ಬತ್ತೀರಾ?”

“ಯಾರು ಅಂತ ಹೇಳ್ತೀರಿ?”

“ಹೇಳೋ ಅಗತ್ಯ ಬರಲ್ಲ ಬುಡಿ.”

ಅವನ ತಾಯಿ ಹುಚ್ಚಕ್ಕ ಹೊರಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇವ್ಳೇನ್ಲಾ?”

“ಹೂಂ ಕಣವ್ವ.”

“ಮೂರು ತಿಂಗ್ಳು ಬರ್ದ ಕಣವ್ವ,” ಎಂದಳು ಹುಚ್ಚಕ್ಕ ಬಂದವಳಿಗೆ, “ಎರಡು ಹಾಳೆಗೆ! ಬರ್ಯೋದು ಹರಿಯೋದು, ಬರ್ಯೋದು ಹರಿಯೋದು. ನೀರೊಲೆಗೆ ಕಾಗ್ದಕ್ಕೆ ಕೊರತೇನೇ ಆಗ್ಲಿಲ್ಲ. ನೆಟ್ಗೆ ಹೋಗಿ ಕೇಳೋ ಗಂಡ್ಸಲ್ಲ ಇವ್ನು. ಓದಿದ್ಯಾ ಅದ್ನ? ಹೆಂಗೈತೆ?”

“ಚೆನ್ನಾಗಿಲ್ಲ, ಅಮ್ಮ.”

“ನಂಗೊತ್ತಿತ್ತು,” ಎಂದಳು ಹುಚ್ಚಕ್ಕ ತೃಪ್ತಿಯಿಂದ. ಮಗನ ಕಡೆ ತಿರುಗಿ, “ಲೇ, ಕೈ ತೊಳ್ಕಂಬಾ, ನೋಡೋಕಾಗಲ್ಲ,” ಎಂದು ಅವನನ್ನು ಬಚ್ಚಲಿಗೆ ಅಟ್ಟಿದಳು.

ಶಾಂತಕುಮಾರಿ ಕಾದಳು. ಈಗ ಚಾಪೆ ಹಾಸುತ್ತಾರೆ, ನೀರು ಕೊಡುತ್ತಾರೆ, ಮನೆಗೆ ಬಂದ ಮೇಡಂಗೆ ಕಾಫಿಯೋ ಟೀಯೋ ಎಂದು ಕೇಳುತ್ತಾರೆ. ಹುಚ್ಚಕ್ಕ ಅದೊಂದನ್ನೂ ಮಾಡಲಿಲ್ಲ. ಸರಿದು ಜಾಗ ಮಾಡಿ ಮೊರವನ್ನು ಆಕೆಯ ಕಡೆ ದೂಡಿದಳು.

“ಕುತ್ಕ. ಇಷ್ಟು ಕಾಯಿ ಬುಡ್ಸು. ಹುಳ ಇದ್ರೆ ಆ ಕಡಿಕೆ ಎಸಿ. ನಾನು ಸಾರಿಗೆ ಇಡ್ತೀನಿ.”

ಬಂದ ನೆಂಟರಿಗೆ ಯಾರೂ ಕೆಲಸ ಹೇಳುವುದಿಲ್ಲ. ಶಾಂತಕುಮಾರಿ ಚಪ್ಪಲಿ ಬಿಟ್ಟು, ಸೀರೆ ನೆರಿಗೆ ಒತ್ತಿ, ಜಗಲಿಯ ಮೇಲೆ ಕಾಲು ಮಡಚಿ ಕೂತಳು. ಮೊದಲ ಕಾಯಿಯ ನಾರು ಎಳೆದಳು. ಕೈ ತೊಳೆದು ಬಂದ ಸೂರ್ಯಪ್ರಕಾಶ್ ಏನೂ ಕೇಳದೆ ಎದುರಿಗೆ ಕೂತು, ಅದೇ ಮೊರಕ್ಕೆ ಕೈ ಹಾಕಿದ.