ವೆಂಡೆಲ್ ಪಿಟೀಲಿನ ಗಿಲಕಿ

ವಾರವಿಡೀ ರೌಂಡ್ ರಾಕ್ ಎಂಬ ಅಮೆರಿಕನ್ ಊರಿನಲ್ಲಿ ಆಫೀಸು ಕೆಲಸ ಮಾಡುವ ನಾನು, ಶನಿವಾರಗಳಲ್ಲಿ ಇಲ್ಲಿನ ಹಳೆಯ ಪಿಟೀಲು ವಾದಕರ ಮನೆಗೆ ಹೋಗಿ ಅವರು ನುಡಿಸುವುದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ಕಥೆ ಕಟ್ಟುವ ಅಭ್ಯಾಸ ನನಗಿಲ್ಲ.

ಮಾರ್ಚ್‌ನಲ್ಲಿ ಎಂಬತ್ತೆಂಟು ವರ್ಷದ ವೆಂಡೆಲ್ ಅವರ ಮನೆಗೆ ಹೋಗಿದ್ದೆ. ಇಲ್ಲಿನ ಕೆಲವು ಹಳಬರು ಪಿಟೀಲಿನ ಹೊಟ್ಟೆಯೊಳಗೆ, ಬಾಲ ಅಲುಗಿಸಿ ಸದ್ದು ಮಾಡಿ ಬೆದರಿಸುವ ವಿಷದ ರ‍್ಯಾಟಲ್ ಸ್ನೇಕ್ ಹಾವಿನ ಬಾಲದ ಗಿಲಕಿ ಹಾಕಿಡುತ್ತಾರೆ. ವೆಂಡೆಲ್ ಅವರ ಪಿಟೀಲಿನಲ್ಲೂ ಒಂದಿತ್ತು. ಅದರ ಸದ್ದು ಮೈಕಿಗೆ ಬೀಳುತ್ತದೆಂದು ನಾನೇ ಹಟ ಹಿಡಿದು ತೆಗೆಸಿದೆ.

"ಇದನ್ನ ತೆಗೆದು ಯಾವತ್ತೂ ನುಡಿಸಿಲ್ಲ ನಾನು" ಎಂದು ಇಂಗ್ಲಿಷಿನಲ್ಲಿ ಗೊಣಗುತ್ತಲೇ ಅದನ್ನು ಹೊರಗಿಟ್ಟು ಬಾಗಿಲು ಹಾಕಿದರು.

ಮನೆಗೆ ಬಂದಮೇಲೆ ನನ್ನ ಗಂಡ ಸುಧೀಂದ್ರ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದರು.

"ಏನೇ ಇದು, ನೀನು ಮಾತಾಡಿದಾಗೆಲ್ಲ ಗಿಲಗಿಲ ಅಂತಿದ್ಯಲ್ಲ?"

ನಿಜ. ವೆಂಡೆಲ್ ನುಡಿಸುವಾಗ ಯಾವ ಸದ್ದೂ ಇಲ್ಲ. ನಾನು ಪ್ರಶ್ನೆ ಕೇಳಲು ಬಾಯಿ ತೆರೆದರೆ ಗಿಲಕಿ ಶುರುವಾಗುತ್ತದೆ, ಬಾಯಿ ಮುಚ್ಚಿದರೆ ನಿಲ್ಲುತ್ತದೆ. ಮತ್ತೊಮ್ಮೆ ರೆಕಾರ್ಡ್ ಮಾಡೋಣವೆಂದು ಫೋನ್ ಮಾಡುವಷ್ಟರಲ್ಲಿ ವೆಂಡೆಲ್ ತೀರಿಕೊಂಡಿದ್ದರು. ಅವರೊಬ್ಬರಿಗೇ ಗೊತ್ತಿದ್ದ ಮಟ್ಟುಗಳು ಆ ರೆಕಾರ್ಡಿಂಗ್‌ನಲ್ಲಿರುವುದರಿಂದ ಅಳಿಸಿಹಾಕಲೂ ಆಗುತ್ತಿಲ್ಲ.

ಕಳೆದ ಶನಿವಾರ ಹೊಸ ಮೈಕ್ ತೆಗೆದುಕೊಂಡು ಅಲೆನ್ ಎಂಬ ಊರಿನಲ್ಲಿರುವ ಓಪಲ್ ಎಂಬ ಹಿರಿಯ ಪಿಟೀಲುಗಾರ್ತಿಯ ಮನೆಗೆ ಹೋದೆ. ಅವರ ಪಿಟೀಲಿನಲ್ಲಿ ಗಿಲಕಿ ಇಲ್ಲವೆಂದು ಮೊದಲೇ ಕೇಳಿ ತಿಳಿದಿದ್ದೆ. ವೆಂಡೆಲ್ ವಿಷಯ ಎತ್ತಲೇ ಇಲ್ಲ. ಎಂದಿನಂತೆ, ಓಪಲ್ ಅವರ ಹೆಸರು, ಊರು, ತಾರೀಖನ್ನು ಮೈಕಿಗೆ ಹೇಳತೊಡಗಿದೆ.

ಓಪಲ್ ಕಮಾನನ್ನು ತೊಡೆಯ ಮೇಲಿಟ್ಟರು. ನನ್ನ ಕುರ್ಚಿಯ ಕೆಳಗೇ ನೋಡುತ್ತಾ, ಎರಡೂ ಕಾಲುಗಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿಕೊಂಡರು.