ಅನ್ನಮ್ಮ ಹೆಣೆದ ಕಾಲುಚೀಲ

"ಬಿಡ್ರಿ... ನೀವು ಬಿಡದಿದ್ರ ನಾ ಹೆಂಗ ಹೊಲೀಲಿ?"

ಸುನಂದಾ ಹಾಗೆಂದರೂ ಆ ಮನುಷ್ಯ ಕಾಲುಚೀಲವನ್ನು ಬಿಡಲಿಲ್ಲ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ.

ರಾಯಚೂರಿನ ತೀನ್ ಕಂದೀಲ್ ಬಳಿಯ ಆ ಪುಟ್ಟ ರಫೂ ಅಂಗಡಿಯಲ್ಲಿ, ಹರಿದ ಬಟ್ಟೆಗೆ ಎಳೆ ಕೂಡಿಸುತ್ತಾ ಅವಳು ಹತ್ತು ವರ್ಷ ಕಳೆದಿದ್ದಳು. ಇಂಥ ಗಿರಾಕಿಯನ್ನು ಕಂಡಿರಲಿಲ್ಲ!

"ನಮ್ಮವ್ವ ಅನ್ನಮ್ಮ ಹೆಣೆದದ್ರಿ," ಎಂದ ಅವನು. "ಯುಗಾದಿ ಮುಂದ ಶ್ರೀಶೈಲಕ್ಕ ನಡಕೊಂಡು ಹೋಗ್ತೀನಿ. ಚಪ್ಪಲಿ ಹಾಕಂಗಿಲ್ಲ. ಅದಕ್ಕ ದಪ್ಪ ನೂಲಿನ್ಯಾಗ ಹೆಣೆದು ಕೊಟ್ಟಿದ್ಲು. ಪ್ರತಿ ವರ್ಷ ಹಿಮ್ಮಡಿ ಸವೀತಿತ್ತು, ಆಕೀನ ತುಂಬತಿದ್ಲು. ಈ ವರ್ಷ..."

"ಯಾವಾಗ ಹೋದ್ರು?" ಸುನಂದಾ ಮೆಲ್ಲಗೆ ಕೇಳಿದಳು.

"ದೀಪಾವಳಿ ಮುಂದ."

ಆಗ ಅವನ ಬೆರಳುಗಳು ಸಡಿಲವಾದವು.

ಅವನ ಹೆಸರು ಬಸವಪ್ರಸಾದ. ಗಬ್ಬೂರಿನಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ತಂತಿ ಕೊಳ್ಳಲು ಬಂದೆ ಎನ್ನುತ್ತಾ ಪ್ರತಿ ಸೋಮವಾರ ಅಂಗಡಿಯ ಮುಂದೆ ನಿಲ್ಲತೊಡಗಿದ.

"ಆತೇನ್ರಿ?"

"ಇನ್ನಾ ಇಲ್ರಿ."

ಸುಳ್ಳು! ಮೊದಲ ವಾರವೇ ಕೆಲಸ ಮುಗಿದಿತ್ತು. ಆದರೆ ಕೊಟ್ಟುಬಿಟ್ಟರೆ ಮುಂದಿನ ಸೋಮವಾರ ಇವನು ಯಾಕೆ ಬಂದಾನು... ಮೂವತ್ತೆರಡು ದಾಟಿದ ತನಗೆ ಇದೇನು ಹುಚ್ಚು ಎಂದು ಅವಳು ತನ್ನನ್ನೇ ಬೈದುಕೊಂಡಳು.

ಅಂಗಡಿಯ ಒಡತಿ ನೂರ್ ಬೀಗೆ ಎಲ್ಲವೂ ತಿಳಿಯುತ್ತಿತ್ತು.

"ಏನ್ ಬೇ, ಒಂದು ಜೋಡಿ ಕಾಲುಚೀಲಕ್ಕ ನಾಕು ವಾರ? ಅಷ್ಟರಾಗ ನಾ ಒಂದು ಶಾಮಿಯಾನಾಕ್ಕ ರಫೂ ಮಾಡ್ತಿದ್ದೆ!"

"ಖಾಲಾ, ಸುಮ್ನಿರ್ರಿ..."

ಆ ಕೆಲಸವಾದರೂ ಎಂಥದು! ಹಿಮ್ಮಡಿಯೊಳಗೆ ಒಂದು ಹಳೆಯ ಬಲ್ಬು ಇಟ್ಟು, ಅದರ ಉಬ್ಬಿನ ಮೇಲೆ ಉದ್ದಕ್ಕೆ ಎಳೆ ಹಾಸಿ, ಅಡ್ಡ ಎಳೆಯನ್ನು ಒಂದರ ಕೆಳಗೆ ಒಂದರ ಮೇಲೆ ದಾಟಿಸಬೇಕು. ದಾಟಿಸುತ್ತಾ ದಾಟಿಸುತ್ತಾ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನಸುಕಿನ ಮಂಜಿನಲ್ಲಿ ಸಾವಿರಾರು ಪಾದಗಳು ಸದ್ದಿಲ್ಲದೆ ನಡೆಯುತ್ತಿರುವಂತೆ, ಅವುಗಳ ನಡುವೆ ಎರಡೇ ಪಾದಗಳು ತನ್ನ ಎಳೆಯ ಮೇಲೆ ಊರುತ್ತಿರುವಂತೆ...

ನಾಲ್ಕನೆಯ ಸೋಮವಾರ ಅವಳು ಕಾಲುಚೀಲಗಳನ್ನು ಕೊಟ್ಟಳು. ಅವನು ಹಿಮ್ಮಡಿಯನ್ನು ತಿರುಗಿಸಿ ನೋಡಿದ. ಮುಖ ಬಾಡಿತು.

"ಅವ್ವ ಹಾಕಿದ್ದ ಕೆಂಪು ದಾರ ಎಲ್ಲಿ ಹೋತ್ರಿ?"

"ಬಿಚ್ಚಿದೆನ್ರಿ. ಹಳೇ ರಫೂ ಮ್ಯಾಲ ಹೊಸಾದು ಹಾಕಿದ್ರ ಗಂಟು ಒತ್ತಿ ಬೊಬ್ಬಿ ಏಳ್ತಾವ. ನಮ್ಮ ಕೆಲಸದಾಗ ಮೊದಲು ಬಿಚ್ಚೂದ..."

"ಆ ದಾರ?"

ಸುನಂದಾ ಮೂಲೆಯ ಬುಟ್ಟಿಯತ್ತ ನೋಡಿದಳು. "ಕಸದಾಗ... ಹೋತು."

ಅವನು ಕೂಗಾಡಲಿಲ್ಲ. ಕಾಲುಚೀಲಗಳನ್ನು ಹಲಗೆಯ ಮೇಲೆ ಇಟ್ಟ.

"ಹರಿದಿದ್ರೂ ಅದರಾಗ ನಮ್ಮವ್ವ ಇದ್ಲರೀ," ಎಂದು ಹೊರಟೇಹೋದ.

ಮುಂದಿನ ಸೋಮವಾರ ಅವನು ಬರಲಿಲ್ಲ.

'ಒಂದು ಮಾತು ಕೇಳಬೇಕಿತ್ತು... ಒಂದೇ ಒಂದು ಮಾತು!' ಹತ್ತು ವರ್ಷ ಬಿಚ್ಚುವ ಮೊದಲು ಯಾರನ್ನೂ ಕೇಳಿದವಳಲ್ಲ ಅವಳು. ಬಟ್ಟೆ ಬಟ್ಟೆಯಷ್ಟೇ ಆಗಿತ್ತು. ದೇವರು ಅವಳ ಕೈಯಿಂದಲೇ ಅವಳಿಗೆ ಪಾಠ ಹೇಳಿಸಿದ್ದ.

"ದೇವದುರ್ಗ, ಗಬ್ಬೂರಿನ ಯಾತ್ರೆಯವ್ರು ನಾಳೆ ಮುಂಜಾನಿ ಕಲ್ಮಲದಾಗ ಇಳೀತಾರಂತ," ಎಂದಳು ನೂರ್ ಬೀ. "ಬಸ್ ಹತ್ತು ಬೇಟಿ. ನಿನ್ನ ಕಣ್ಣೀರಿಗೆ ನನ್ನ ಸೂಜಿ ಎಲ್ಲಾ ತುಕ್ಕು ಹಿಡಿಯಾಕತ್ತಾವ!"

"ಬೈದ್ರ?"

"ಬೈಸ್ಕೊಂಡು ಬಾ. ಕೊಡೂದು ಕೊಟ್ಟು ಬಾ."

ಕಲ್ಮಲದ ಬೇವಿನ ನೆರಳಲ್ಲಿ ಯಾತ್ರಿಕರು ಮಜ್ಜಿಗೆ ಕುಡಿಯುತ್ತಿದ್ದರು. ಬಸವಪ್ರಸಾದ ಒಂದು ಬದಿಗೆ ಒಬ್ಬನೇ ಕುಳಿತಿದ್ದ. ಬರಿಗಾಲು. ಹಿಮ್ಮಡಿ ಬಿರಿದು ರಕ್ತ ಜಿನುಗುತ್ತಿತ್ತು.

ಅವಳು ಕಾಲುಚೀಲಗಳನ್ನು ಅವನ ಮುಂದಿಟ್ಟು ಎದುರಿಗೆ ಕುಳಿತಳು. ಬರುವಾಗ ಕಟ್ಟಿಕೊಂಡ ಮಾತೆಲ್ಲ ಮರೆತುಹೋಯಿತು.

"ನಿಮ್ಮ ಅವ್ವಾರು ಎಡಗೈಲೆ ಹೊಲೀತಿದ್ರಲ್ಲ?"

ಅವನು ತಲೆಯೆತ್ತಿದ. "ನಿಮಗ ಹೆಂಗ ಗೊತ್ತು?"

"ಬಿಚ್ಚುವಾಗ ಗೊತ್ತಾತು. ಎಳೆ ಎಲ್ಲಾ ಎಡದಿಂದ ಹೊಂಟಿದ್ವು. ಕೆಂಪಿನ ಕೆಳಗ ನೀಲಿ, ನೀಲಿ ಕೆಳಗ ಹಸಿರು. ಕೆಳಗಿನವು ಬಿಗಿ ಇದ್ವು, ಕೆಂಪು ಮಾತ್ರ ಸಡ್ಲ... ಕಣ್ಣು ಮಂಜಾಗಿದ್ವೇನ್ರಿ?"

"ಆಗಿದ್ವು. ನನಗ ಹೇಳಿದ್ದಿಲ್ಲ... ದವಾಖಾನಿಗೆ ಹಾಕಿದಾಗ ಡಾಕ್ಟರ್ ಹೇಳಿದ್ರು."

"ಕೇಳದ ಬಿಚ್ಚಿದ್ದು ನನ್ನ ತಪ್ಪರೀ. ಆ ದಾರ ನಾ ತಂದು ಕೊಡಾಕಾಗಂಗಿಲ್ಲ. ಆದ್ರ ನಾ ಹಾಕಿದ್ದನ್ನೂ ಬಿಚ್ಚಿ, ಆಕಿ ಕೈ ಹೋದ ದಾರಿ ಹಿಡಿದು, ಎಡಗೈಲೇ ಮತ್ತ ಹಾಕೀನಿ. ನೋಡ್ರಿ, ಬೆರಳೆಲ್ಲ ಚುಚ್ಚಿಸ್ಕೊಂಡೀನಿ."

ಅವನು ನೋಡಿದ್ದು ಕಾಲುಚೀಲದ ಹಿಮ್ಮಡಿಯನ್ನಲ್ಲ, ಅವಳ ಬೆರಳುಗಳನ್ನು. ಬಹಳ ಹೊತ್ತು ನೋಡಿದ. ಆಮೇಲೆ ಪಾದ ಒರೆಸಿಕೊಂಡು ಮೆಲ್ಲಗೆ ಕಾಲುಚೀಲ ಏರಿಸಿದ. ಎದ್ದು ನಾಲ್ಕು ಹೆಜ್ಜೆ ನಡೆದ. ಕಣ್ಣು ಮುಚ್ಚಿಕೊಂಡು ಮತ್ತೆ ನಾಲ್ಕು ಹೆಜ್ಜೆ...

"ಒತ್ತವಲ್ದು," ಎಂದ. ದನಿ ಒದ್ದೆಯಾಗಿತ್ತು.

"ಇನ್ನೊಂದು ತಪ್ಪು ಅದ," ಅವಳು ತಲೆ ತಗ್ಗಿಸಿದಳು. "ಮೊದಲ ವಾರನ ಮುಗಿದಿತ್ರಿ. ಸುಳ್ಳು ಹೇಳಿದೆ."

"ನಾನೂ ತಂತಿ ಸಲುವಾಗಿ ಬರ್ತಿದ್ದಿಲ್ರಿ."

ಬೇವಿನ ಹೂವು ಸದ್ದಿಲ್ಲದೆ ಉದುರುತ್ತಿತ್ತು. ಯಾತ್ರಿಕರು ಶ್ರೀಶೈಲದ ಮಲ್ಲಯ್ಯನ ಹೆಸರು ಕೂಗುತ್ತಾ ಒಬ್ಬೊಬ್ಬರಾಗಿ ಎದ್ದರು.

"ಪ್ರತಿ ವರ್ಷ ಅವ್ವನ ಸಲುವಾಗಿ ಬೇಡ್ಕೊಳ್ತಿದ್ದೆ," ಎಂದ ಅವನು. "ಈ ವರ್ಷ ಮಲ್ಲಯ್ಯನ ಹತ್ರ ನಿಮ್ಮನ್ನ ಬೇಡ್ಕೊಳ್ಲೇನು?"

ಸುನಂದಾಳ ಎದೆ ತುಂಬಿ ಬಂತು. ಆದರೂ ನಕ್ಕಳು.

"ದೇವರನ್ನ ಕೇಳೂ ಮೊದಲು ನನ್ನ ಕೇಳಬೇಕಲ್ಲರೀ?"

"ಕೇಳಾಕತ್ತೀನಿ. ನನ್ನ ಮನಿಗೆ ಬರ್ತೀರೇನು?"

"ಬರ್ತೀನಿ... ಈಗ ನಡೀರಿ, ನಿಮ್ಮವ್ರು ದೂರ ಹೋದ್ರು!"