ಒಂದು ಗೇಣು ಜೊಂಡು

ಸೂಜಿಕಲ್ಲಿನ ಯಾವ ಮನೆಯ ನಲ್ಲಿ ತಿರುಗಿಸಿದರೂ ಸಿಹಿನೀರು ಬರುತ್ತಿತ್ತು. ಆ ನೀರನ್ನು ಕೆರೆಯಿಂದ ಎತ್ತಿ, ಸೋಸಿ, ಹನ್ನೊಂದು ಊರುಗಳ ಕೊಳವೆಗೆ ನೂಕುತ್ತಿದ್ದುದು ಹುಲ್ಲು. ಹೀಗೆಂದರೆ ಹೊರಗಿನವರು ನಗುತ್ತಿದ್ದರು. ಆಗ ಊರಿನವರು ಅವರನ್ನು ಏರಿಯ ಮೇಲೆ ಕರೆದೊಯ್ದು, ನಲವತ್ತು ಎಕರೆ ಜೊಂಡಿನ ನಡುವಿನಿಂದ ಹೊರಟು ಪಂಪುಮನೆ ಸೇರುವ, ಮುಂಗೈ ದಪ್ಪದ ಕಪ್ಪು ತಂತಿಯನ್ನು ತೋರಿಸುತ್ತಿದ್ದರು. ಬೇರೆ ಯಾವ ತಂತಿಯೂ ಆ ಮನೆಗೆ ಹೋಗುತ್ತಿರಲಿಲ್ಲ. ನಕ್ಕವರು ಅಲ್ಲಿಗೆ ಸುಮ್ಮನಾಗುತ್ತಿದ್ದರು.

ಇದು 2063ನೇ ಇಸವಿಯ ಮಾತು. ತಂತಿಯ ಇನ್ನೊಂದು ತುದಿಯಲ್ಲಿ, ಕೆಸರಿನೊಳಗೆ ಹಾಸಿದ್ದ ಬೇರುಬಲೆ ಡಾ. ಇಂಚರಳ ಹನ್ನೊಂದು ವರ್ಷದ ದುಡಿಮೆ. ಅದರ ತತ್ವ ಕಷ್ಟದ್ದೇನಲ್ಲ. ಹುಲ್ಲು ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಬೇರಿನಿಂದ ಕೆಸರಿಗೆ ಸೋರಿಹೋಗುತ್ತದೆ. ಆ ಸಕ್ಕರೆ ತಿಂದು ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೋಟಿಗಟ್ಟಲೆ ಇವೆ. ತಿಂದದ್ದು ಅರಗಬೇಕಾದರೆ ಅವು ಎಲೆಕ್ಟ್ರಾನುಗಳನ್ನು, ಅಂದರೆ ವಿದ್ಯುತ್ತಿನ ಕಣಗಳನ್ನು, ಯಾರಿಗಾದರೂ ದಾಟಿಸಲೇಬೇಕು. ಗಾಳಿಯಿದ್ದ ಕಡೆ ಆಮ್ಲಜನಕಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತವೆ. ಗಾಳಿಯಿಲ್ಲದ ಕೆಸರಿನಲ್ಲಿ ತೆಗೆದುಕೊಳ್ಳುವವರೇ ಇಲ್ಲ. ಇಂಚರ ಇಂಗಾಲದ ನೂಲಿನಿಂದ ಒಂದು ಬಲೆ ನೇಯಿಸಿ, ಬೇರುಗಳ ನಡುವೆ ಹಾಸಿ, ತೆಗೆದುಕೊಳ್ಳುವ ಕೈಯನ್ನು ಒದಗಿಸಿದ್ದಳು. ಒಂದು ಮಂಚದಷ್ಟು ಜಾಗದಿಂದ ಸಿಗುವುದು ಒಂದು ಸಣ್ಣ ದೀಪಕ್ಕೆ ಸಾಕಾಗುವಷ್ಟು ಮಾತ್ರ. ಆದರೆ ಕೆರೆಯಲ್ಲಿ ಅಂಥ ಜಾಗ ಸಾವಿರಾರು ಇದ್ದವು. ಸೂರ್ಯ ಮುಳುಗಿದರೂ ಕೆಸರಿನ ಕೆಲಸ ನಿಲ್ಲುತ್ತಿರಲಿಲ್ಲ.

ಜೊಂಡನ್ನು ಯಾರೂ ಬಿತ್ತಬೇಕಾಗಿಯೂ ಇರಲಿಲ್ಲ. ಅದು ಕಾಡುಹುಲ್ಲು. ಮೇಲೆ ಒಣಗಿದರೂ ಕೆಸರಿನಡಿ ಗೆಡ್ಡೆ ಬದುಕಿದ್ದು ವರ್ಷವರ್ಷವೂ ಚಿಗುರುತ್ತದೆ. ಸೂಜಿಕಲ್ಲಿನ ಕೊಳವೆಬಾವಿಗಳಲ್ಲಿ ಮೂರು ತಲೆಮಾರಿನಿಂದ ಫ್ಲೋರೈಡ್ ನೀರು. ಹಲ್ಲು ಹಳದಿಯಾಗಿ, ಐವತ್ತಕ್ಕೆಲ್ಲ ಮೊಣಕಾಲು ಬಾಗುವ ಊರು ಅದು. ಕೆರೆಯ ನೀರು ಸೋಸಿ ಕೊಡುವ ಘಟಕಕ್ಕೆ ನೂರು ಕಿಲೋವ್ಯಾಟ್ ಬೇಕಿತ್ತು. ಎರಡು ವರ್ಷ ಹುಲ್ಲು ನೂರಿಪ್ಪತ್ತರ ಮೇಲೇ ಕೊಟ್ಟಿತು. ಮೂರನೆಯ ವರ್ಷ, ಫೆಬ್ರವರಿಯಿಂದೀಚೆಗೆ, ಅಂಕಿ ಇಳಿಯತೊಡಗಿತು. ನೂರಹತ್ತು, ತೊಂಬತ್ತೆರಡು, ಎಪ್ಪತ್ತೆಂಟು. ಊರುಗಳಿಗೆ ನೀರು ದಿನ ಬಿಟ್ಟು ದಿನ ಆಯಿತು.

ಇಳಿಯಬಾರದ ವರ್ಷದಲ್ಲೇ ಇಳಿದಿತ್ತು. ಕೆರೆ ಪ್ರಾಧಿಕಾರದ ಮುಖ್ಯ ಇಂಜಿನಿಯರ್ ಪಾಲಾಕ್ಷಯ್ಯ ಜೊಂಡಿಗೆ ಕೊಟ್ಟಿದ್ದು ಮೂರೇ ವರ್ಷದ ಗಡುವು. ಏಪ್ರಿಲ್ ಇಪ್ಪತ್ತರಿಂದ ಮೂರು ದಿನ ಪರೀಕ್ಷೆ. ಆ ಮೂರು ದಿನದ ಯಾವ ಗಳಿಗೆಯಲ್ಲೂ ನೂರಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಜೊಂಡನ್ನು ಬೇರುಸಮೇತ ಕಿತ್ತು, ದಡಕ್ಕೆ ಕಲ್ಲು ಕಟ್ಟಿಸಿ, ದೋಣಿವಿಹಾರ. ಪಾಲಾಕ್ಷಯ್ಯ ಕೆಟ್ಟವರಲ್ಲ, ಯಾರಿಂದಲೂ ಒಂದು ಎಳನೀರು ಕುಡಿದವರಲ್ಲ. ಅವರಿಗಿದ್ದದ್ದು ಒಂದೇ ಚಟ, ಅಚ್ಚುಕಟ್ಟು. ಮೇಜಿನ ಮೇಲೆ ಪೆನ್ನು ಓರೆಯಾಗಿ ಬಿದ್ದಿದ್ದರೆ ಮಾತಿನ ನಡುವೆಯೇ ನೇರ ಮಾಡುವ ಮನುಷ್ಯ.

"ಕೆರೆ ಅಂದ್ರೆ ಕನ್ನಡಿ ಥರ ಇರಬೇಕು ಡಾಕ್ಟರೇ," ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. "ನಿಮ್ಮ ಹುಲ್ಲು ನೋಡಿದ್ರೆ ಕ್ಷೌರ ಕಾಣದ ಗಡ್ಡ ನೋಡಿದಂಗಾಗುತ್ತೆ."

ಆ ಮಾತು ತಪ್ಪಿಸಿಕೊಳ್ಳಲೆಂದೇ ಇಂಚರ ಜನವರಿಯಲ್ಲಿ ಕೊಯ್ಲಿನ ಯಂತ್ರ ತರಿಸಿದ್ದಳು. ಒಣಗಿದ ದಂಟು ಹೊಸ ಚಿಗುರಿಗೆ ನೆರಳಾಗುವುದರಿಂದ ಜೊಂಡನ್ನು ವರ್ಷಕ್ಕೊಮ್ಮೆ ಕೊಯ್ಯಬೇಕು. ಹಿಂದಿನ ಎರಡು ವರ್ಷ ಅದನ್ನು ಕುಡುಗೋಲಿನಿಂದಲೇ ಕೊಯ್ಯಿಸಿದ್ದರು. ಯಂತ್ರ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಒಂದೇ ಸಮನಾಗಿ ಕತ್ತರಿಸುತ್ತ ಹೋಯಿತು. ಕೊಯ್ದುಳಿದ ಒಂದು ಕೂಳೆಯೂ ಕಣ್ಣಿಗೆ ಬೀಳಲಿಲ್ಲ. ಪಾಲಾಕ್ಷಯ್ಯ ಏರಿಯ ಮೇಲೆ ನಿಂತು ಮೊದಲ ಸಲ ಮೆಚ್ಚಿದರು. ಇಂಚರಳಿಗೂ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ಆಕೆಯ ಕಣ್ಣಿಗೆ ಪರದೆ ಕಟ್ಟಿತು.

ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಆಕೆ ಬಲೆಯ ಗಂಟುಗಳನ್ನು ಬಿಚ್ಚಿ ನೋಡಿದಳು, ಕೆಸರನ್ನು ಪ್ರಯೋಗಾಲಯಕ್ಕೆ ಕಳಿಸಿದಳು, ಸೂಕ್ಷ್ಮಜೀವಿಗಳನ್ನು ಎಣಿಸಿದಳು. ಎಲ್ಲವೂ ಸರಿಯಿದ್ದವು, ಕರೆಂಟು ಮಾತ್ರ ಇರಲಿಲ್ಲ. ಪರದೆಯ ಮೇಲೆ ಕೆರೆಯನ್ನು ನೂರರವತ್ತು ಚೌಕ ಮಾಡಿ ತೋರಿಸುವ ನಕ್ಷೆ ಪೂರಾ ಹಳದಿಗೆ ತಿರುಗಿತ್ತು. ಈಶಾನ್ಯ ಮೂಲೆಯ ಆರು ಚೌಕ ಮಾತ್ರ ಕಡುಹಸಿರಾಗಿದ್ದವು. ಆಕೆ ಅಲ್ಲಿನ ಮಾಪಕ ಕೆಟ್ಟಿದೆಯೆಂದು ಎರಡು ಸಲ ಬದಲಾಯಿಸಿದ್ದಳು. ಒಳ್ಳೆಯ ಅಂಕಿ ಬಂದ ಕಡೆಯೇ ದೋಷ ಹುಡುಕುವಷ್ಟು ಮಂಕು ಕವಿದಿತ್ತು, ಪಾಪ. ಮೂರನೆಯ ಮಾಪಕವನ್ನು ತಾನೇ ಜೋಡಿಸುತ್ತೇನೆಂದು ತೆಪ್ಪ ಹತ್ತಿದಳು.

ಆ ಮೂಲೆಯಲ್ಲಿ ನೀರೊಳಗೆ ಬಂಡೆಗಳಿದ್ದುದರಿಂದ ಯಂತ್ರ ಹೋಗುತ್ತಿರಲಿಲ್ಲ. ಅದನ್ನು ಚಾಪೆ ಹೆಣೆಯುವ ಹೆಂಗಸರಿಗೆ ಬಿಟ್ಟಿದ್ದರು. ಅವರಲ್ಲಿ ಹಿರಿಯರಾದ ಹೊನ್ನಗಂಗಮ್ಮ, ಎಪ್ಪತ್ತರ ಮುದುಕಿ, ಸೀರೆ ಎತ್ತಿಕಟ್ಟಿ ನೀರಿನಲ್ಲಿ ನಿಂತು ಕುಡುಗೋಲಿನಿಂದ ಜೊಂಡು ಕೊಯ್ಯುತ್ತಿದ್ದರು. ಅವರು ಕೊಯ್ದ ಕಡೆಯೆಲ್ಲ ಕೂಳೆ ನೀರಿನ ಮೇಲೆ ಒಂದು ಗೇಣು ಎದ್ದು ನಿಂತಿತ್ತು. ಕೂಳೆಗಳ ಸಂದಿಯಲ್ಲಿ ಮೊಳದುದ್ದದ ಹಸಿರು ಚಿಗುರು. ಯಂತ್ರ ಕೊಯ್ದ ಕಡೆ ಎರಡು ತಿಂಗಳಾದರೂ ಚಿಗುರಿನ ಸುಳಿವಿರಲಿಲ್ಲ. ಇದನ್ನು ಇಂಚರ ಅಂದೇ ಮೊದಲು ಕಣ್ಣಾರೆ ಕಂಡಳು. ಅಷ್ಟು ದಿನ ಆಕೆ ನೋಡಿದ್ದು ಪರದೆಯನ್ನು.

"ಅಜ್ಜಿ, ಇಷ್ಟು ಉದ್ದ ಯಾಕೆ ಬಿಟ್ಟಿದ್ದೀರಿ? ಬಗ್ಗೋಕೆ ಆಗೋದಿಲ್ವಾ?"

"ಯಾಕವ್ವ ಬಗ್ಗಕ್ಕಾಗಲ್ಲ? ಗದ್ದೇಲಿ ಬಗ್ಗೇ ಈ ಬೆನ್ನು ಬಂದಿರೋದು," ಎಂದರು ಹೊನ್ನಗಂಗಮ್ಮ. "ಜೊಂಡಿಗೆ ಮೂಗು ಮುಚ್ಚಬಾರ್ದು ಅಂತ ನಮ್ಮವ್ವ ಹೇಳೋಳು. ನೀರಿನ್ ಮ್ಯಾಲೆ ಒಂದು ಗೇಣು ಬಿಟ್ಟೇ ಕುಯ್ಯೋದು ನಾವು. ಕೆಳಕ್ ಕುಯ್ದ್ರೆ ಸಾಯ್ತದೆ."

"ಒಣಗಿದ ದಂಟಿಗೆ ಎಂಥ ಮೂಗು?"

ಮುದುಕಿ ಒಣದಂಟೊಂದನ್ನು ಕೊಯ್ದು, ಒಂದು ತುದಿಯನ್ನು ನೀರಿಗಿಳಿಸಿ, ಇನ್ನೊಂದನ್ನು ಇಂಚರಳ ಬಾಯಿಗೆ ಹಿಡಿದರು. "ಊದು."

ಇಂಚರ ಊದಿದಳು. ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದಿತು.

ಆಕೆ ಮತ್ತೊಮ್ಮೆ ಊದಿದಳು. ಮತ್ತೆ ಗುಳ್ಳೆ. ಜೊಂಡಿನ ದಂಟಿನೊಳಗೆ ಗಾಳಿಯ ಕಾಲುವೆಗಳಿವೆ ಎನ್ನುವುದು ಆಕೆ ಕಾಲೇಜಿನಲ್ಲಿ ಓದಿ, ಚಿತ್ರ ಬರೆದು, ಅಂಕ ತೆಗೆದುಕೊಂಡಿದ್ದ ಪಾಠ. ದಂಟು ಸತ್ತಮೇಲೂ ಕೆಸರಿನಡಿಯ ಗೆಡ್ಡೆ ಉಸಿರಾಡುವುದು ಅದರ ಮೂಲಕವೇ. ಯಂತ್ರ ನಲವತ್ತು ಎಕರೆಯ ಉಸಿರನ್ನು ನೀರಿನಡಿ ಕತ್ತರಿಸಿತ್ತು. ಗೆಡ್ಡೆಗಳು ಮುಳುಗಿ ಸಾಯುತ್ತಿದ್ದವು. ಸಾಯುವ ಬೇರು ಸಕ್ಕರೆ ಎಲ್ಲಿಂದ ಸೋರಿಸೀತು?

"ಇದನ್ನ ಜನವರಿಯಲ್ಲೇ ಹೇಳಬಾರದಿತ್ತಾ ಅಜ್ಜಿ?"

"ಡಾಕ್ಟ್ರಮ್ಮನಿಗೆ ಗೊತ್ತಿರಲ್ವಾ ಅಂದ್ಕಂಡೆ," ಎಂದರು ಹೊನ್ನಗಂಗಮ್ಮ, ಕುಡುಗೋಲು ಸೊಂಟಕ್ಕೆ ಸಿಕ್ಕಿಸುತ್ತ. ಅದರಲ್ಲಿ ಕುಹಕವಿರಲಿಲ್ಲ. ಇಂಚರಳಿಗೆ ನಾಚಿಕೆಯಾದದ್ದು ಅದಕ್ಕೇ.

ಉಪಾಯ ಒಂದೇ ಇತ್ತು. ಕತ್ತರಿಸಿದ ದಂಟನ್ನು ಬೆಳೆಸಲಾಗದು, ನೀರನ್ನೇ ಇಳಿಸಬೇಕು. ಎರಡು ಗೇಣು ನೀರು ತೂಬಿನಿಂದ ಬಿಟ್ಟರೆ ಕೂಳೆಗಳು ಒಂದು ಗೇಣು ಮೇಲೇಳುತ್ತವೆ. ಬಿಟ್ಟ ನೀರು ಕೆಳಗಿನ ಕೆರೆಗೆ ಸೇರುವುದರಿಂದ ನಷ್ಟವೂ ಇಲ್ಲ. ಆದರೆ ಸೂಜಿಕಲ್ಲು ಕೆರೆ ನದಿಯಿಂದ ಬರುವ ಪೈಪಿನ ನೀರಿನಿಂದ ಸದಾ ಕಟ್ಟೆಮಟ್ಟ ತುಂಬಿರುತ್ತಿತ್ತು. ತಿಂಗಳ ವರದಿಯಲ್ಲಿ 'ನೂರಕ್ಕೆ ನೂರು' ಎಂದು ಬರೆಯುವುದು ಪಾಲಾಕ್ಷಯ್ಯನವರ ಸಂತೋಷಗಳಲ್ಲೊಂದು.

ಮಾರನೆಯ ದಿನ ಬೆಳಗ್ಗೆ ಅವರು ಏರಿಯ ಮೇಲೆ ಬಂದು ಎಲ್ಲ ಕೇಳಿಸಿಕೊಂಡರು.

"ಬೇಸಿಗೇಲಿ ತುಂಬಿದ ಕೆರೆಯ ತೂಬು ಎತ್ತು ಅಂತೀರಿ. ನಾಳೆ ಪೇಪರಿನವರು ಕೇಳಿದ್ರೆ, ಹುಲ್ಲಿಗೆ ಉಸಿರು ಕಟ್ಟಿತ್ತು ಅಂತ ಹೇಳಲಾ?"

"ಹೌದು ಸಾರ್. ತಪ್ಪು ಹುಲ್ಲಿನದಲ್ಲ, ಬಲೆಯದೂ ಅಲ್ಲ, ನನ್ನದು. ಅದನ್ನೂ ಬರೆದುಕೊಡ್ತೀನಿ."

ಪಾಲಾಕ್ಷಯ್ಯ ತಲೆಯಾಡಿಸಿ ಜೀಪಿನ ಕಡೆ ತಿರುಗಿದರು. ಅಷ್ಟರಲ್ಲಿ ಹೊನ್ನಗಂಗಮ್ಮ ಒಂದು ಬಕೆಟ್ ನೀರು, ಎರಡು ದಂಟು ತಂದು ಅವರ ಮುಂದಿಟ್ಟರು. ಒಂದು ಹೆಂಗಸರು ಕೊಯ್ಯುವ ಮೂಲೆಯದು. ಇನ್ನೊಂದು ಯಂತ್ರ ಕೊಯ್ದ ಕಡೆಯಿಂದ ಗೆಡ್ಡೆಸಮೇತ ಕಿತ್ತದ್ದು.

"ಊದ್ರಿ ಸಾಹೇಬ್ರೆ. ಆಮ್ಯಾಲೆ ಬೇಕಾದ್ರೆ ಹೋಗ್ರಿ."

ಅಂದು ನಲ್ಲಿ ಬಾರದ ದಿನ. ಸುತ್ತ ನೀರಿಗೆ ಬಂದ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಊದದೆ ಹೋದರೆ ಮರ್ಯಾದೆ ಉಳಿಯುವ ಹಾಗಿರಲಿಲ್ಲ. ಮುಖ್ಯ ಇಂಜಿನಿಯರ್ ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನೊಳಗೆ ಜೊಂಡು ಊದಿದರು. ಮೊದಲನೆಯದರಲ್ಲಿ ಗುಳ್ಳೆ ಬಂತು. ಎರಡನೆಯದನ್ನು ಕೆನ್ನೆ ನೋಯುವಷ್ಟು ಊದಿದರೂ ಏನೂ ಬರಲಿಲ್ಲ. ನೀರು ತುಂಬಿ ಮುಚ್ಚಿಹೋಗಿತ್ತು. ಅದರ ಬುಡದ ಗೆಡ್ಡೆ ಅರ್ಧ ಕಪ್ಪಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು. ಇನ್ನರ್ಧ ಬೆಳ್ಳಗೇ ಇತ್ತು. ಪಾಲಾಕ್ಷಯ್ಯ ಆ ಬಿಳಿಯ ಅರ್ಧವನ್ನು ಬಹಳ ಹೊತ್ತು ನೋಡಿದರು.

"ಇದು ಇನ್ನೂ ಬದುಕಿದೆ ಅಲ್ವಾ?" ಎಂದು ಕೇಳಿದರು.

"ಇವತ್ ನೀರು ಬಿಟ್ರೆ ಬದುಕ್ತದೆ," ಎಂದರು ಹೊನ್ನಗಂಗಮ್ಮ.

ಮಧ್ಯಾಹ್ನದೊಳಗೆ ತೂಬು ಎತ್ತಲಾಯಿತು. ನಾಲ್ಕನೆಯ ದಿನ ಕೂಳೆಗಳು ನೀರಿನಿಂದ ತಲೆ ಎತ್ತಿದವು. ಅಂಕಿ ಮಾತ್ರ ಇಳಿಯುತ್ತಲೇ ಇತ್ತು: ಎಪ್ಪತ್ತು, ಅರವತ್ನಾಲ್ಕು, ಐವತ್ತೆಂಟು. ಇಂಚರ ಊಟ ಬಿಟ್ಟಳು, ಪರದೆ ನೋಡುವುದನ್ನೂ ಬಿಟ್ಟಳು. ದಿನವೂ ತೆಪ್ಪದಲ್ಲಿ ಹೋಗಿ ಕೂಳೆಗಳ ಬುಡ ನೋಡಿಕೊಂಡು ಬರುತ್ತಿದ್ದಳು. ಎಂಟನೆಯ ದಿನ ಬೆಳಗ್ಗೆ, ಕೆರೆಯ ನಟ್ಟನಡುವೆ, ಬೆರಳಷ್ಟು ಉದ್ದದ ಒಂದು ಚಿಗುರು ಕಂಡಿತು. ಪಕ್ಕದಲ್ಲಿ ಇನ್ನೊಂದು. ಆಕೆ ತೆಪ್ಪದಲ್ಲಿ ಒಬ್ಬಳೇ ಕೂತು ಅತ್ತಳು. ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷ ಆಕೆಗೆ ಯಾವತ್ತೂ ಆಗಿರಲಿಲ್ಲ. ಅಂದು ಸಂಜೆ ಅಂಕಿ ಅರವತ್ತೊಂದು ತೋರಿಸಿತು.

ಅಲ್ಲಿಂದ ಅದು ಹಿಂದೆ ನೋಡಲಿಲ್ಲ. ಏಪ್ರಿಲ್ ಇಪ್ಪತ್ತರ ಬೆಳಗ್ಗೆ ನೂರಮೂರು ಇತ್ತು. ಪಾಲಾಕ್ಷಯ್ಯ ಮೂರು ದಿನವೂ ಪಂಪುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಎರಡನೆಯ ದಿನ ಮೋಡ ಕವಿದು ಅಂಕಿ ನೂರರ ಮೇಲೆ ಅರ್ಧಕ್ಕೆ ಇಳಿದಾಗ ಅವರೇ ಎದ್ದು ನಿಂತು, "ಬಾರಪ್ಪ, ಬಾ" ಎಂದು ಮಾಪಕದ ಜೊತೆ ಮಾತಾಡಿದ್ದನ್ನು ಪಂಪಿನವರು ಕೇಳಿಸಿಕೊಂಡರು. ಮೂರನೆಯ ದಿನ ಸಂಜೆ ನಾಲ್ಕಕ್ಕೆ ಗಡುವು ಮುಗಿದಾಗ ಮಾಪಕದಲ್ಲಿ ನೂರಹದಿನೇಳು. ಹನ್ನೊಂದು ಊರುಗಳ ನಲ್ಲಿಯಲ್ಲೂ ನೀರು ಬರುತ್ತಿತ್ತು. ಪಾಲಾಕ್ಷಯ್ಯ ವರದಿಯಲ್ಲಿ ನೀರಿನ ಮಟ್ಟ 'ನೂರಕ್ಕೆ ಎಂಬತ್ತೆಂಟು' ಎಂದು ಬರೆದು, ಅದರ ಕೆಳಗೆ ತಾವೇ ಗೆರೆ ಎಳೆದರು. ಗೆರೆ ನೇರವಾಗಿತ್ತು.

ಮುಂದಿನ ಏಳು ವರ್ಷದಲ್ಲಿ ಬೇರುಬಲೆ ಸೂಜಿಕಲ್ಲು ದಾಟಿ ಊರೂರಿಗೆ ಹೋಯಿತು. ನೀರಿನ ಘಟಕ, ಹಾಲಿನ ಶೀತಲಕೇಂದ್ರ, ಆಸ್ಪತ್ರೆಯ ಲಸಿಕೆಪೆಟ್ಟಿಗೆ, ಎಲ್ಲ ಜೊಂಡಿನ ಕರೆಂಟಿನಲ್ಲಿ ನಡೆದವು. ಸೂಜಿಕಲ್ಲಿನ ಶಾಲೆಯಲ್ಲಿ ಒಂದನೆಯ ತರಗತಿಗೆ ಬಂದ ಮಕ್ಕಳ ಹಲ್ಲು ಬೆಳ್ಳಗಿತ್ತು. ಅದನ್ನು ನೋಡಲೆಂದೇ ಮುದುಕರು ಮಕ್ಕಳನ್ನು ಸುಮ್ಮಸುಮ್ಮನೆ ನಗಿಸುತ್ತಿದ್ದರು. ಹೊನ್ನಗಂಗಮ್ಮ ಎಪ್ಪತ್ತೇಳರ ವಯಸ್ಸಿನಲ್ಲೂ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕೆರೆಯಿಂದ ಕೆರೆಗೆ ಹೋಗಿ, ಯಂತ್ರ ಓಡಿಸುವವರಿಗೆ ಗೇಣು ಹಾಕಿ ತೋರಿಸುತ್ತಿದ್ದರು. ಯಂತ್ರಗಳ ಅಲಗನ್ನು ಆ ಅಳತೆಗೇ ಕೂರಿಸಲಾಯಿತು.

ಒಂದೇ ತೊಡಕು ಎದುರಾಗಿತ್ತು: ಬಲೆಯಿದ್ದರೂ ಬಹಳ ಕೆರೆಗಳಲ್ಲಿ ಜೊಂಡೇ ಇರಲಿಲ್ಲ. ಕಲ್ಲು ಕಟ್ಟಿದ ದಡ, ಬೋಳು ನೀರು. ಗೆಡ್ಡೆಗಳನ್ನೆಲ್ಲ ಲಾರಿಯಲ್ಲಿ ಸೂಜಿಕಲ್ಲಿನಿಂದಲೇ ಸಾಗಿಸಬೇಕಾಯಿತು. ಸೂಜಿಕಲ್ಲಿನ ನಲವತ್ತು ಎಕರೆಯೂ ಹಬ್ಬಿದ್ದು ಆ ಈಶಾನ್ಯ ಮೂಲೆಯಿಂದ. ಉಳಿದ ಕೆರೆಗಳಲ್ಲಿ ಜೊಂಡು ಇಲ್ಲದ್ದಕ್ಕೆ ಕಾರಣ ಹುಡುಕುತ್ತ ಇಂಚರ ಪ್ರಾಧಿಕಾರದ ಹಳೆಯ ದಾಖಲೆಗಳನ್ನು ತೆರೆಸಿದಳು. ಅಲ್ಲಿ 2026ನೇ ಇಸವಿಯ ಒಂದು ಕಡತ ಸಿಕ್ಕಿತು. ಕೆರೆಗಳ ಕಳೆ ತೆಗೆದು ಸ್ವಚ್ಛಗೊಳಿಸಿದ ಕಾಮಗಾರಿ. ಕೆರೆಗೊಂದರಂತೆ ಇನ್ನೂರ ಹನ್ನೊಂದು ಚಿತ್ರ. ಎಲ್ಲದರಲ್ಲೂ ಹಾರ ಹಾಕಿಕೊಂಡು ನಗುವವರು, ಅವರ ಹಿಂದೆ ದಡದಿಂದಲೇ ಉದ್ದ ಕೈ ಚಾಚಿ ಕೀಳುವ ಹಳದಿ ಯಂತ್ರ, ಅದರ ಹಿಂದೆ ಗುಡ್ಡದಷ್ಟು ಕಿತ್ತ ಜೊಂಡು. ಸೂಜಿಕಲ್ಲಿನ ಚಿತ್ರದ ಅಂಚಿನಲ್ಲಿ ಮಾತ್ರ ಇನ್ನೂ ಏನೋ ಇತ್ತು. ಬಂಡೆಗಳ ಮೂಲೆಯಲ್ಲಿ, ಯಂತ್ರಕ್ಕೆ ಎದುರಾಗಿ, ಸೊಂಟಮಟ್ಟದ ನೀರಿನಲ್ಲಿ ನಾಲ್ವರು ಹೆಂಗಸರು ಕೈಕೈ ಹಿಡಿದು ನಿಂತಿದ್ದರು. ಕೆಳಗೆ ಬರೆದಿತ್ತು: 'ಕಾಮಗಾರಿಗೆ ಅಡ್ಡಿಪಡಿಸಿದವರು'.

ಇಂಚರ ಅದನ್ನು ಹೊನ್ನಗಂಗಮ್ಮನವರಿಗೆ ತೋರಿಸಿದಳು. ಮುದುಕಿ ಚಿತ್ರವನ್ನು ದೂರ ಹಿಡಿದು ನೋಡಿದರು.

"ಬಲಗಡೆ ಕೊನೇಲಿರೋಳು ನಾನೇ ಕಣವ್ವ. ಪಕ್ಕದಲ್ಲಿರೋದು ನಮ್ಮವ್ವ. ಎರಡು ದಿನ ನಿಂತಿದ್ವಿ, ಕಾಲೆಲ್ಲ ಬೆಳ್ಳಗೆ ನೆನೆದೋಗಿತ್ತು. ಕೊನೆಗೆ ಅದೊಂದು ಮೂಲೆ ಬಿಟ್ಟು ಹೋದ್ರು. ಅವತ್ತೇನು ಈ ಕರೆಂಟಿನ ವಿಚಾರ ಗೊತ್ತಿತ್ತಾ? ಚಾಪೆಗೆ ಹುಲ್ಲು ಬೇಕಾಗಿತ್ತು, ಅಷ್ಟೆ."

ಇಂಚರ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ತಿರುವಿದಳು. ಉಳಿದ ಇನ್ನೂರ ಹತ್ತು ಚಿತ್ರಗಳಲ್ಲಿ ನೀರಿನಲ್ಲಿ ಯಾರೂ ನಿಂತಿರಲಿಲ್ಲ.